ಪರದೆಯ ಆಚೆ ಮೇಷ್ಟ್ರು ಇದ್ದಾರೆಯೇ?

1840ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಒಂದು ಪೆನ್ನಿ ಕೊಟ್ಟರೆ ಕಾಗದವನ್ನು ದೇಶದ ಯಾವ ಮೂಲೆಗಾದರೂ ತಲುಪಿಸುವ ವ್ಯವಸ್ಥೆ ತಂದಿತು. ಅದನ್ನು ಪಾಠಕ್ಕೆ ಬಳಸಿಕೊಂಡವರಲ್ಲಿ ಐಸಾಕ್ ಪಿಟ್‌ಮನ್ ಮೊದಲಿಗರು. ಬಾತ್ ಊರಿನಲ್ಲಿದ್ದ ಅವರು ತಾವು ರೂಪಿಸಿದ ಶೀಘ್ರಲಿಪಿಯ ನಿಯಮಗಳನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ ದೂರದ ಕಲಿಯುವವರಿಗೆ ಕಳಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಪುಸ್ತಕ ವ್ಯಾಪಾರವಾಗುತ್ತಿತ್ತು. ಕಲಿಯುವವರು ಬೈಬಲ್ಲಿನ ಒಂದಿಷ್ಟು ಸಾಲುಗಳನ್ನು ಶೀಘ್ರಲಿಪಿಯಲ್ಲಿ ಬರೆದು ಅಂಚೆಗೆ ಹಾಕಬೇಕಿತ್ತು. ಅವನ್ನು ತಿದ್ದಿ ಹಿಂದಕ್ಕೆ ಕಳಿಸಲಾಗುತ್ತಿತ್ತು. ಬರೆದವರ ಮುಖವನ್ನು ಮೇಷ್ಟ್ರು ನೋಡಿರಲಿಲ್ಲ. ಆದರೆ ಅವರ ಕೈ ಎಲ್ಲಿ ತಪ್ಪುತ್ತಿದೆ ಎಂಬುದು ಗೊತ್ತಿತ್ತು.

ದೂರದಿಂದ ಕಲಿಸುವ ಕೆಲಸದ ಜೀವಾಳ ಅಂದಿನಿಂದ ಇಂದಿನವರೆಗೂ ಇದೇ ಎಂಬುದು ನನ್ನ ನಂಬಿಕೆ. ಪಾಠ ಹೋಗಬೇಕು, ವಿದ್ಯಾರ್ಥಿಯ ಕೆಲಸ ಬರಬೇಕು, ಅದನ್ನು ಓದಿದ ಒಬ್ಬ ಮನುಷ್ಯನ ಮಾತು ಮತ್ತೆ ಆ ವಿದ್ಯಾರ್ಥಿಯ ಕೈ ಸೇರಬೇಕು. ಈ ಮೂರನೆಯದು ತಪ್ಪಿದರೆ ಕ್ಯಾಮೆರಾ, ಸ್ಟುಡಿಯೊ, ಆ್ಯಪ್ ಯಾವುದು ಇದ್ದರೂ ಕಲಿಯುವವರು ಒಂಟಿಯಾಗುತ್ತಾರೆ.

2020ರ ಮಾರ್ಚ್‌ನಲ್ಲಿ ಕಾಲೇಜುಗಳಿಗೆ ಬೀಗ ಬಿದ್ದಾಗ ನಮ್ಮಲ್ಲಿ ಆನ್‌ಲೈನಿಗೆ ಹೋದದ್ದು ಈ ಮೂರರಲ್ಲಿ ಮೊದಲನೆಯದು ಮಾತ್ರ. ಒಂದು ಗಂಟೆಯ ಉಪನ್ಯಾಸ ಹಾಗೆಯೇ ಒಂದು ಗಂಟೆಯ ವಿಡಿಯೊ ಕರೆಯಾಯಿತು. ಹಾಜರಿ ಕೂಗಿದರು, ಎಲ್ಲರೂ ಮ್ಯೂಟ್ ಮಾಡಿಕೊಂಡರು, ಪರದೆಯ ಮೇಲೆ ಪಿಪಿಟಿ ಓಡಿತು, ಕೊನೆಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ನೋಟ್ಸಿನ ಪಿಡಿಎಫ್ ಬಿತ್ತು. ಅಧ್ಯಾಪಕರನ್ನು ಇದಕ್ಕಾಗಿ ದೂರಲು ನನಗೆ ಮನಸ್ಸಿಲ್ಲ. ಯಾವ ತರಬೇತಿಯೂ ಇಲ್ಲದೆ ಕೆಲವೇ ದಿನಗಳಲ್ಲಿ ಅವರು ಇದಕ್ಕೆ ಒಗ್ಗಿಕೊಳ್ಳಬೇಕಾಯಿತು. ಇತ್ತ ವಿದ್ಯಾರ್ಥಿಗಳ ಪಾಡೇನು ಕಡಿಮೆಯದಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಇಂಟರ್ನೆಟ್ ಸೌಲಭ್ಯವಿದ್ದ ಮನೆಗಳು ನೂರಕ್ಕೆ 15ರಷ್ಟು, ನಗರಗಳಲ್ಲಿ 42ರಷ್ಟು. 2021ರ ಜೂನ್ ಮಳೆಯಲ್ಲಿ ಸುಳ್ಯ ತಾಲ್ಲೂಕಿನ ರಸ್ತೆ ಬದಿಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ಓದುಗರು ನೋಡಿರುತ್ತೀರಿ. ಆಕೆ ಹೈಸ್ಕೂಲಿನವಳು. ಮಲೆನಾಡು ಕರಾವಳಿಯ ಪದವಿ ವಿದ್ಯಾರ್ಥಿಗಳೂ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು.

ಆ ತುರ್ತಿನ ದಿನಗಳು ಕಳೆದವು, ಆನ್‌ಲೈನ್ ಪಾಠ ಮಾತ್ರ ಉಳಿದುಕೊಂಡಿತು. 2017ರ ಜುಲೈನಲ್ಲಿ ಉದ್ಘಾಟನೆಯಾದ 'ಸ್ವಯಂ' ವೇದಿಕೆಯ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ಶೇ 40ರಷ್ಟು ವಿಷಯಗಳವರೆಗೆ ಕ್ರೆಡಿಟ್ ಪಡೆಯಲು ಯುಜಿಸಿಯ 2021ರ ನಿಯಮ ಅವಕಾಶ ಕೊಟ್ಟಿದೆ. ಪೂರ್ತಿ ಆನ್‌ಲೈನ್ ಪದವಿಗಳೂ ಬಂದಿವೆ. ಹಾಗಾಗಿ ಆನ್‌ಲೈನ್ ಬೇಕೋ ಬೇಡವೋ ಎಂಬ ಚರ್ಚೆಯ ಕಾಲ ಮುಗಿದಿದೆ. ಪರದೆಯ ಆಚೆ ಕೂತ ಹುಡುಗ ಹುಡುಗಿಯರಿಗೆ 'ಇವರು ನನಗೇ ಪಾಠ ಮಾಡುತ್ತಿದ್ದಾರೆ' ಎಂದು ಅನಿಸುವಂತೆ ಮಾಡುವುದು ಹೇಗೆ ಎಂಬುದನ್ನು ಈಗ ಯೋಚಿಸಬೇಕಾಗಿದೆ.

ಈ ವಿಷಯದಲ್ಲಿ ಜಗತ್ತಿಗೆ ಐವತ್ತು ವರ್ಷಕ್ಕೂ ಮಿಕ್ಕಿದ ಅನುಭವವಿದೆ. 1969ರಲ್ಲಿ ಬ್ರಿಟನ್ನಿನಲ್ಲಿ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು; 1971ರ ಜನವರಿಯಲ್ಲಿ ಪಾಠ ಶುರುವಾಯಿತು. ಸೇರಲು ಹಿಂದಿನ ಯಾವ ಅಂಕಪಟ್ಟಿಯನ್ನೂ ಕೇಳಲಿಲ್ಲ. ಹಗಲು ದುಡಿಯುವವರಿಗೆಂದು ಬಿಬಿಸಿ ಟಿವಿ ಮತ್ತು ರೇಡಿಯೊದಲ್ಲಿ ಬೆಳಗಿನ ಜಾವ, ರಾತ್ರಿ ಹೊತ್ತು ಪಾಠಗಳು ಪ್ರಸಾರವಾದವು. ವಿಜ್ಞಾನ ಓದುವವರ ಮನೆಗೆ ಪುಟ್ಟ ಸೂಕ್ಷ್ಮದರ್ಶಕವೂ ಇದ್ದ ಪ್ರಯೋಗದ ಪೆಟ್ಟಿಗೆಯನ್ನೇ ಕಳಿಸಿದರು. ಹೊರಗಿನವರಿಗೆ ಅದು ಟಿವಿ ವಿಶ್ವವಿದ್ಯಾಲಯವಾಗಿ ಕಂಡಿತು. ಒಳಗೆ ಅದನ್ನು ನಡೆಸಿದ್ದು ಟ್ಯೂಟರುಗಳು. ಪ್ರತಿ ವಿದ್ಯಾರ್ಥಿಯನ್ನೂ ಇಪ್ಪತ್ತು ಇಪ್ಪತ್ತೈದು ಮಂದಿಯ ಒಂದು ಗುಂಪಿಗೆ ಹಾಕಿ, ಅದಕ್ಕೊಬ್ಬ ಟ್ಯೂಟರನ್ನು ನೇಮಿಸುತ್ತಿದ್ದರು. ವಿದ್ಯಾರ್ಥಿ ಬರೆದ ಅಸೈನ್‌ಮೆಂಟಿನ ಅಂಚಿನಲ್ಲಿ ಟ್ಯೂಟರ್ ವಿವರವಾಗಿ ಟಿಪ್ಪಣಿ ಬರೆಯಬೇಕಿತ್ತು. ನನಗೆ ಬಹಳ ಮೆಚ್ಚಿಗೆಯಾದ ಸಂಗತಿ ಇದರ ಮುಂದಿನದು: ಹೀಗೆ ತಿದ್ದಿದ ಪತ್ರಿಕೆಗಳಲ್ಲಿ ಕೆಲವನ್ನು ಆರಿಸಿ ಇನ್ನೊಬ್ಬ ಅಧ್ಯಾಪಕರು ನೋಡುತ್ತಿದ್ದರು. ಅಂಕ ಸರಿಯಾಗಿದೆಯೇ ಎಂಬುದರ ಜತೆಗೆ, ಬರೆದ ಟಿಪ್ಪಣಿಯಿಂದ ವಿದ್ಯಾರ್ಥಿ ಏನಾದರೂ ಕಲಿಯಲು ಸಾಧ್ಯವೇ ಎಂದೂ ಪರಿಶೀಲನೆಯಾಗುತ್ತಿತ್ತು. ಉತ್ತರ ಪತ್ರಿಕೆಯ ಅಂಚಿನ ಸಾಲುಗಳನ್ನು ಪಾಠವೆಂದೇ ಪರಿಗಣಿಸಿದ ವಿಶ್ವವಿದ್ಯಾಲಯ ಅದು.

ಆ ಉತ್ತರ ಎಷ್ಟು ಬೇಗ ಬರುತ್ತದೆ ಎಂಬುದೂ ಮುಖ್ಯ. ನಾರ್ವೆಯ ಎನ್‌ಕೆಐ ಎಂಬ ಅಂಚೆ ಶಿಕ್ಷಣ ಸಂಸ್ಥೆಯಲ್ಲಿ ಟೋರ್ಸ್ಟೈನ್ ರೆಕ್ಕೆಡಾಲ್ 1970ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಕೆಲವು ವಿದ್ಯಾರ್ಥಿಗಳ ಅಸೈನ್‌ಮೆಂಟುಗಳನ್ನು ಎಂದಿನಂತೆಯೂ ಇನ್ನು ಕೆಲವರದನ್ನು ಕೆಲವು ದಿನ ಮುಂಚಿತವಾಗಿಯೂ ತಿದ್ದಿ ಕಳಿಸಿದರು. ಪಠ್ಯ ಅದೇ, ಮೇಷ್ಟ್ರೂ ಅವರೇ. ಬೇಗ ಉತ್ತರ ಸಿಕ್ಕವರಲ್ಲಿ ಕೋರ್ಸು ಮುಗಿಸಿದವರ ಪ್ರಮಾಣ ಎದ್ದು ಕಾಣುವಷ್ಟು ಹೆಚ್ಚಿತ್ತು. ಅಂಚೆಯ ಕಾಲದಲ್ಲಿ ಎರಡು ಮೂರು ದಿನದ ವ್ಯತ್ಯಾಸ ಅಷ್ಟು ಕೆಲಸ ಮಾಡಿತು. ಇವತ್ತು ಒಂದು ಕ್ಷಣದಲ್ಲಿ ಸಂದೇಶ ಮುಟ್ಟುತ್ತದೆ. ಆದರೂ ಸೆಮಿಸ್ಟರಿನ ಮೊದಲ ತಿಂಗಳಲ್ಲಿ ಬರೆದ ಇಂಟರ್ನಲ್ಸ್ ಫಲಿತಾಂಶವನ್ನು ಕೊನೆಯ ವಾರದಲ್ಲಿ ಬರೀ ಅಂಕಿಯಾಗಿ ನೋಡುವ ವಿದ್ಯಾರ್ಥಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಅಮೆರಿಕದ ಮೈಕೆಲ್ ಮೂರ್ ಎಂಬ ಶಿಕ್ಷಣತಜ್ಞರು ದೂರ ಎಂಬುದನ್ನೇ ಬೇರೆ ರೀತಿಯಲ್ಲಿ ಅಳೆದರು. ಅವರ ಪ್ರಕಾರ ಕಲಿಸುವವರಿಗೂ ಕಲಿಯುವವರಿಗೂ ನಡುವಿನ ಅಂತರವನ್ನು ಮೈಲಿಗಳಲ್ಲಿ ನೋಡಬಾರದು, ಮಾತುಕತೆ ಎಷ್ಟು ನಡೆಯುತ್ತದೆ ಎಂಬುದರಲ್ಲಿ ನೋಡಬೇಕು. ಪಾಠದ ಕ್ರಮ ತೀರಾ ಬಿಗಿಯಾಗಿದ್ದು ಮಾತಿಗೆ ಎಡೆಯೇ ಇಲ್ಲದಿದ್ದರೆ ನೂರಿಪ್ಪತ್ತು ಮಂದಿಯ ತರಗತಿಯಲ್ಲಿ ಕೊನೆಯ ಬೆಂಚಿನವನೂ ದೂರಶಿಕ್ಷಣದ ವಿದ್ಯಾರ್ಥಿಯೇ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಓದಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾತುಕತೆ ಎಂದರೆ ಪರಸ್ಪರ ಮಾತಾಡುವುದು ಮಾತ್ರವಲ್ಲ, ಪಾಠದ ಧಾಟಿಯೂ ಅದರಲ್ಲಿ ಸೇರುತ್ತದೆ. ಸ್ವೀಡನ್ನಿನ ಬೋರ್ಯೆ ಹೋಲ್ಮ್‌ಬೆರಿ ದೂರಶಿಕ್ಷಣದ ಪಠ್ಯವನ್ನು ಎದುರಿಗೆ ಕೂತವರ ಜತೆ ಮಾತಾಡಿದಂತೆ ಬರೆಯಬೇಕು ಎಂದು ಜೀವನಪರ್ಯಂತ ವಾದಿಸಿದರು. ಇದು ಬರೀ ಆಸೆಯ ಮಾತಲ್ಲ. 2004ರಲ್ಲಿ ರಿಚರ್ಡ್ ಮೇಯರ್ ಮತ್ತು ಸಂಗಡಿಗರು ಮನುಷ್ಯನ ಉಸಿರಾಟದ ಬಗ್ಗೆ ಒಂದು ಚಿಕ್ಕ ಪಾಠವನ್ನು ಎರಡು ಬಗೆಯಲ್ಲಿ ಕೇಳಿಸಿದರು. ಒಂದರಲ್ಲಿ 'ಶ್ವಾಸಕೋಶ', 'ಗಂಟಲು' ಎಂದು ಪಠ್ಯಪುಸ್ತಕದಂತೆ ಹೇಳಿದ್ದರು; ಇನ್ನೊಂದರಲ್ಲಿ 'ನಿಮ್ಮ ಶ್ವಾಸಕೋಶ', 'ನಿಮ್ಮ ಗಂಟಲು' ಎಂದಿತ್ತು. ಬದಲಾದದ್ದು ಅಷ್ಟೇ. ಕಲಿತದ್ದನ್ನು ಹೊಸ ಪ್ರಶ್ನೆಗೆ ಅನ್ವಯಿಸಬೇಕಾಗಿ ಬಂದಾಗ ಎರಡನೆಯದನ್ನು ಕೇಳಿದವರು ಚೆನ್ನಾಗಿ ಉತ್ತರಿಸಿದರು. ಕನ್ನಡದಲ್ಲಿ ಈ ಧಾಟಿಗೆ ಬಿ.ಜಿ.ಎಲ್. ಸ್ವಾಮಿಯವರಿಗಿಂತ ಒಳ್ಳೆಯ ಮಾದರಿ ಬೇಕಿಲ್ಲ. ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ಕಾಡು ಸುತ್ತಿದ ಅವರು ಸಸ್ಯಶಾಸ್ತ್ರವನ್ನು ಮಾತಿನ ಲಹರಿಯಲ್ಲೇ ಕಲಿಸಿದ ಪುಸ್ತಕ 'ಹಸುರು ಹೊನ್ನು'. ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಷಯ ಗಟ್ಟಿಯಾಗಿದ್ದೂ ಮಾತು ಆಪ್ತವಾಗಿರಬಹುದು ಎಂಬುದಕ್ಕೆ ಅದೇ ಸಾಕ್ಷಿ. ಬಿಎಸ್ಸಿ ವಿಡಿಯೊ ಪಾಠ ಮಾಡುವ ಪ್ರತಿ ಅಧ್ಯಾಪಕರೂ ಅದನ್ನು ಒಮ್ಮೆ ಓದಿದರೆ ಒಳ್ಳೆಯದು.

ವಿಡಿಯೊ ವಿಷಯಕ್ಕೆ ಬಂದರೆ, ಸ್ಟುಡಿಯೊದ ಬಗೆಗಿನ ನಮ್ಮ ಮೋಹವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕು. 2014ರಲ್ಲಿ ಫಿಲಿಪ್ ಗುವೊ ಮತ್ತು ಜತೆಗಾರರು 'ಎಡ್‌ಎಕ್ಸ್' ವೇದಿಕೆಯ ನಾಲ್ಕು ಕೋರ್ಸುಗಳ ವಿಡಿಯೊಗಳನ್ನು ವಿದ್ಯಾರ್ಥಿಗಳು ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿದರು. ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುಗರು ಅದರಲ್ಲಿ ನಿಲ್ಲುವ ಮಧ್ಯಮ ಅವಧಿ ಆರು ನಿಮಿಷ ದಾಟಲಿಲ್ಲ. ದುಬಾರಿ ಸ್ಟುಡಿಯೊದಲ್ಲಿ ತೆಗೆದದ್ದಕ್ಕಿಂತ, ಮೇಷ್ಟ್ರು ತಮ್ಮ ಮೇಜಿನ ಮುಂದೆ ಕೂತು ಹೇಳಿದ ಪಾಠ ಹೆಚ್ಚು ಹೊತ್ತು ಹಿಡಿದಿಟ್ಟಿತು. ಸಿದ್ಧ ಸ್ಲೈಡುಗಳಿಗಿಂತ ಕೈಯಲ್ಲಿ ಬರೆಯುತ್ತ ವಿವರಿಸಿದ್ದು ಜನರಿಗೆ ಹಿಡಿಸಿತು. ಅಂದರೆ ಒಂದು ಮೊಬೈಲು, ಅದನ್ನು ನಿಲ್ಲಿಸಲು ನಾಲ್ಕು ಪುಸ್ತಕ, ಬಿಳಿ ಹಾಳೆ, ಪೆನ್ನು ಇದ್ದರೆ ನಮ್ಮ ಅಧ್ಯಾಪಕರ ಕೈಯಲ್ಲಿ ಬೇಕಾದದ್ದೆಲ್ಲ ಇದೆ. ಐವತ್ತು ನಿಮಿಷದ ಉಪನ್ಯಾಸವನ್ನು ಐದಾರು ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ಒಂದು ಪ್ರಶ್ನೆ ಕೊಟ್ಟರೆ ಡೇಟಾ ಕಡಿಮೆ ಇರುವ ಹುಡುಗಿಯೂ ರಾತ್ರಿ ನೆಟ್‌ವರ್ಕ್ ಸಿಕ್ಕಾಗ ಒಂದೊಂದಾಗಿ ಇಳಿಸಿಕೊಂಡು ನೋಡಬಹುದು. ನೇರ ತರಗತಿಯನ್ನು ಆಗ ಚರ್ಚೆಗೆ, ಅನುಮಾನ ಪರಿಹಾರಕ್ಕೆ ಮೀಸಲಿಡಬಹುದು.

ನೇರ ತರಗತಿ ಎಂದ ಕೂಡಲೇ ಕ್ಯಾಮೆರಾದ ಜಗಳ ಬರುತ್ತದೆ. ಹೆಸರು ಬರೆದ ಕಪ್ಪು ಚೌಕಗಳ ಎದುರು ಪಾಠ ಮಾಡುವ ಸಂಕಟ ಅಧ್ಯಾಪಕರಿಗೇ ಗೊತ್ತು. ಹಾಗೆಂದು 'ಎಲ್ಲರೂ ಕ್ಯಾಮೆರಾ ಆನ್ ಮಾಡಿ, ಇಲ್ಲದಿದ್ದರೆ ಅಟೆಂಡೆನ್ಸ್ ಇಲ್ಲ' ಎಂದು ಗದರುವುದನ್ನು ನಾನು ಒಪ್ಪುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಜೀವಶಾಸ್ತ್ರ ವಿದ್ಯಾರ್ಥಿಗಳನ್ನು ಕೇಳಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾಮೆರಾ ಆರಿಸಲು ಸಿಕ್ಕ ಮುಖ್ಯ ಕಾರಣ ತಾನು ಹೇಗೆ ಕಾಣುತ್ತೇನೋ ಎಂಬ ಮುಜುಗರ. ಹಿಂದೆ ಓಡಾಡುವ ಮನೆಯವರು, ಕಾಣುವ ಕೋಣೆ, ದುರ್ಬಲ ಸಂಪರ್ಕ ಇವೂ ಪಟ್ಟಿಯಲ್ಲಿದ್ದವು. ಅಮೆರಿಕದ ಸಿರಿವಂತ ವಿಶ್ವವಿದ್ಯಾಲಯದಲ್ಲೇ ಹೀಗಾದರೆ, ಒಂದೇ ಕೋಣೆಯ ಮನೆಯಲ್ಲಿ ಅಜ್ಜಿಯ ಹಾಸಿಗೆ ಪಕ್ಕ ಕೂತು ಪಾಠ ಕೇಳುವವಳು ಕ್ಯಾಮೆರಾ ಹಾಕಲಿಲ್ಲವೆಂದು ಶಿಕ್ಷಿಸುವುದು ಅನ್ಯಾಯ. ಆಕೆ ಚಾಟ್‌ನಲ್ಲಿ ಒಂದು ಸಾಲು ಬರೆಯಲಿ, ಐದು ಮಂದಿಯ ಸಣ್ಣ ಕೋಣೆಗೆ ಹಾಕಿದಾಗ ಧ್ವನಿಯಲ್ಲಿ ಮಾತಾಡಲಿ. ಅರವತ್ತು ಮಂದಿಯ ಎದುರು ಬಾಯಿ ಬಿಡದವರು ಐವರ ನಡುವೆ ಮಾತಾಡುತ್ತಾರೆ. ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಬಹುದು ಎಂದು ಮೊದಲ ದಿನವೇ ಬಾಯಿ ಬಿಟ್ಟು ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಂದವರಲ್ಲಿ ಎಷ್ಟೋ ಮಂದಿ ಇಂಗ್ಲಿಷ್ ವಾಕ್ಯ ಕಟ್ಟಲಾರದೆ ಅನುಮಾನವನ್ನು ನುಂಗಿಕೊಳ್ಳುತ್ತಾರೆ.

ಅಸೈನ್‌ಮೆಂಟಿನ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಆನ್‌ಲೈನ್ ಪಾಠ ಕಾಲೇಜಿನ ಪಾಠಕ್ಕಿಂತ ಮುಂದೆ ಹೋಗಬಲ್ಲ ಒಂದು ಜಾಗ ಇದು. ವಿದ್ಯಾರ್ಥಿಗಳು ತಂತಮ್ಮ ಊರಿನಲ್ಲೇ ಇದ್ದಾರೆ. ಇದನ್ನು ನಾವು ಕೊರತೆ ಎಂದುಕೊಂಡಿದ್ದೇವೆ, ನಿಜವಾಗಿ ಅದು ಅನುಕೂಲ. ಸಂಖ್ಯಾಶಾಸ್ತ್ರದ ಮೇಷ್ಟ್ರು ಸರಾಸರಿ ಮತ್ತು ವಿಚಲನೆಯ ಪಾಠಕ್ಕೆ ಪುಸ್ತಕದ ಹಳೆಯ ಲೆಕ್ಕ ಕೊಡುವ ಬದಲು, ಹತ್ತಿರದ ಮಾರುಕಟ್ಟೆಯ ಎರಡು ವಾರದ ಧಾರಣೆ ಬರೆದುಕೊಂಡು ಬನ್ನಿ ಎನ್ನಬಹುದು. ತಿಪಟೂರಿನವಳು ಕೊಬ್ಬರಿಯದು ತರುತ್ತಾಳೆ, ಶಿವಮೊಗ್ಗದವನು ಅಡಿಕೆಯದು, ಬ್ಯಾಡಗಿಯಿಂದ ಮೆಣಸಿನಕಾಯಿ, ಕಲಬುರಗಿಯಿಂದ ತೊಗರಿ, ಕೋಲಾರದಿಂದ ಟೊಮೆಟೊ, ರಾಮನಗರದಿಂದ ರೇಷ್ಮೆಗೂಡು. ಎಲ್ಲವನ್ನೂ ಒಂದೇ ಪರದೆಯಲ್ಲಿಟ್ಟು, ಯಾವುದರ ಬೆಲೆ ಹೆಚ್ಚು ಏರಿಳಿಯುತ್ತದೆ, ಎರಡೇ ದಿನಕ್ಕೆ ಕೊಳೆಯುವ ಬೆಳೆಗೂ ಮನೆಯಲ್ಲಿ ಕೂಡಿಡಬಹುದಾದ ಬೆಳೆಗೂ ವಿಚಲನೆಯಲ್ಲಿ ಏನು ವ್ಯತ್ಯಾಸ ಎಂದು ಕೇಳಿದರೆ ಆ ತರಗತಿಯಲ್ಲಿ ಯಾರೂ ಮ್ಯೂಟ್ ಆಗಿ ಕೂರುವುದಿಲ್ಲ. ಅಪ್ಪ ಬೆಳೆದದ್ದರ ಬೆಲೆಯ ಬಗ್ಗೆ ಹೇಳಲು ಪ್ರತಿಯೊಬ್ಬರಿಗೂ ಏನಾದರೂ ಇರುತ್ತದೆ.

ಇತಿಹಾಸದವರಿಗೆ 'ಎಪಿಗ್ರಾಫಿಯಾ ಕರ್ನಾಟಿಕಾ' ಇದೆ. ಬಿ.ಎಲ್. ರೈಸ್ ಆರಂಭಿಸಿದ ಆ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ನಿಮ್ಮ ತಾಲ್ಲೂಕಿನ ಒಂದು ಶಾಸನ ಹುಡುಕಿ, ಆ ಕಲ್ಲು ಇಂದು ಯಾವ ಸ್ಥಿತಿಯಲ್ಲಿದೆ ಎಂದು ಫೋಟೊ ತೆಗೆದು ಕಳಿಸಿ ಎಂದರೆ ಅದು ಯಾರೂ ನಕಲು ಮಾಡಲಾಗದ ಅಸೈನ್‌ಮೆಂಟ್. ರಸಾಯನಶಾಸ್ತ್ರದವರು ಬೋರ್‌ವೆಲ್ ನೀರು, ಮಳೆ ನೀರು, ನಲ್ಲಿ ನೀರು ಮೂರರಲ್ಲೂ ಸೋಪಿನ ನೊರೆ ಎಷ್ಟು ಬರುತ್ತದೆ ಎಂದು ಮನೆಯಲ್ಲೇ ನೋಡಿ ಗಡಸುತನದ ಪಾಠ ಶುರು ಮಾಡಬಹುದು. ಪಾವಗಡದ ಕಡೆಯ ವಿದ್ಯಾರ್ಥಿ ಇದ್ದರೆ ಮಾತು ತಾನಾಗಿಯೇ ಫ್ಲೋರೈಡಿಗೆ ಹೊರಳುತ್ತದೆ. ಹೀಗೆ ಬಂದ ಉತ್ತರಗಳನ್ನು ಓದುವಾಗ ಮೇಷ್ಟ್ರಿಗೆ ವಿದ್ಯಾರ್ಥಿಯ ಊರು, ಮನೆ, ಬದುಕು ಅರ್ಧಂಬರ್ಧವಾದರೂ ತಿಳಿಯುತ್ತದೆ. ಆಪ್ತತೆಗೆ ಬೇರೆ ತಂತ್ರ ಹೂಡಬೇಕಾಗಿಲ್ಲ.

ಇನ್ನು ದೊಡ್ಡ ಅಡಚಣೆ. ಎಂಬತ್ತು ವಿದ್ಯಾರ್ಥಿಗಳ ಪತ್ರಿಕೆಗೆ ತಲಾ ಐದು ನಿಮಿಷದ ಟಿಪ್ಪಣಿ ಎಂದರೆ ನಾನೂರು ನಿಮಿಷ, ಹೆಚ್ಚುಕಮ್ಮಿ ಏಳು ಗಂಟೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಬೋಧನೆಯ ದೊಡ್ಡ ಪಾಲು ಹೊರೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರ ಕೆಲಸವನ್ನು ತರಗತಿಯ ಗಂಟೆಗಳಲ್ಲಿ ಅಳೆಯುತ್ತಾರೆ. ಮನೆಯಲ್ಲಿ ಕೂತು ಪತ್ರಿಕೆ ಓದಿ ಉತ್ತರ ಬರೆದ ಏಳು ಗಂಟೆಗೆ ಲೆಕ್ಕವಿಲ್ಲ. 'ಹೆಚ್ಚು ಆಪ್ತವಾಗಿ ಕಲಿಸಿ' ಎಂದು ಅವರಿಗೆ ಕಾರ್ಯಾಗಾರ ನಡೆಸುವ ಮೊದಲು ಈ ಗಂಟೆಗಳನ್ನು ಕೆಲಸವೆಂದು ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಒಳ್ಳೆಯ ಮಧ್ಯಮಮಾರ್ಗ. ಹೆಸರು ಹಿಡಿದು ಕರೆದು, 'ನಿನ್ನ ಎರಡನೇ ಉತ್ತರದಲ್ಲಿ ಉದಾಹರಣೆ ಚೆನ್ನಾಗಿದೆ, ಆದರೆ ಕಾರಣ ಹೇಳುವುದನ್ನು ಮರೆತಿದ್ದೀಯ' ಎಂದರೆ ಸಾಕು. ಎಂಬತ್ತು ಮಂದಿಗೆ ಎಂಬತ್ತು ನಿಮಿಷ. ಡೇಟಾವೂ ಹೆಚ್ಚು ಬೇಡ.

ಈ ಹೊರೆಯನ್ನು ಯಂತ್ರಕ್ಕೆ ಒಪ್ಪಿಸಬಹುದೇ? 2016ರಲ್ಲಿ ಜಾರ್ಜಿಯಾ ಟೆಕ್‌ನಲ್ಲಿ ಅಶೋಕ್ ಗೋಯಲ್ ತಮ್ಮ ಆನ್‌ಲೈನ್ ತರಗತಿಗೆ 'ಜಿಲ್ ವಾಟ್ಸನ್' ಎಂಬ ಸಹಾಯಕಿಯನ್ನು ನೇಮಿಸಿದರು. ಆಕೆ ಒಂದು ತಂತ್ರಾಂಶ ಎಂಬುದು ಸೆಮಿಸ್ಟರ್ ಮುಗಿಯುವ ಹೊತ್ತಿಗೆ, ಗೋಯಲ್ ಹೇಳಿದ ಮೇಲೆಯೇ ವಿದ್ಯಾರ್ಥಿಗಳಿಗೆ ಖಚಿತವಾದದ್ದು. ಸುಮಾರು 300 ಮಂದಿಯ ಆ ತರಗತಿಯಲ್ಲಿ ಒಂದು ಸೆಮಿಸ್ಟರಿಗೆ ಹತ್ತು ಸಾವಿರದಷ್ಟು ಸಂದೇಶಗಳು ಬರುತ್ತಿದ್ದವು. ಕೊನೆಯ ದಿನಾಂಕ ಯಾವುದು, ಫೈಲನ್ನು ಹೇಗೆ ಕಳಿಸಬೇಕು ಎಂಬಂಥ ಪ್ರಶ್ನೆಗಳೇ ಅವುಗಳಲ್ಲಿ ಬಹಳ. ಅಂಥವನ್ನು ಯಂತ್ರ ನೋಡಿಕೊಂಡರೆ ಮೇಷ್ಟ್ರಿಗೆ ಬಿಡುವು ಸಿಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ವಿದ್ಯಾರ್ಥಿ ಯೋಚಿಸಿ ಬರೆದದ್ದನ್ನು ಓದುವ ಕೆಲಸವನ್ನು ಯಂತ್ರಕ್ಕೆ ಬಿಡಬಾರದು. ತಾನು ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ತಿಳಿದ ಹುಡುಗ ಬರೆಯುವುದನ್ನೂ ಯಂತ್ರಕ್ಕೇ ಬಿಡುತ್ತಾನೆ.

ಯಾರೂ ಕರೆದು ಕೇಳದ ಕಡೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕ ಸಿಗುತ್ತದೆ. ಎಂಐಟಿ ಮತ್ತು ಹಾರ್ವರ್ಡ್ ಜಗತ್ತಿಗೆಲ್ಲ ತೆರೆದಿಟ್ಟ ಆನ್‌ಲೈನ್ ಕೋರ್ಸುಗಳ ಆರು ವರ್ಷಗಳ ಅಂಕಿಅಂಶ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. 2017–18ರಲ್ಲಿ ಸೇರಿದವರಲ್ಲಿ ಪೂರೈಸಿದವರು ನೂರಕ್ಕೆ ಮೂವರಿಗೆ ತುಸು ಹೆಚ್ಚು. ಕುತೂಹಲಕ್ಕೆ ಹೆಸರು ಬರೆಸಿದವರೂ ಇದರಲ್ಲಿದ್ದಾರೆ, ನಿಜ. ಆದರೂ ಜಗತ್ತಿನ ಶ್ರೇಷ್ಠ ಪ್ರಾಧ್ಯಾಪಕರ ಉಪನ್ಯಾಸ ಉಚಿತವಾಗಿ ಸಿಕ್ಕರೂ ಅದೊಂದೇ ಜನರನ್ನು ಕೊನೆಯವರೆಗೆ ಕೈಹಿಡಿದು ನಡೆಸಲಿಲ್ಲ. ಮದ್ರಾಸ್ ಐಐಟಿ 2020ರಲ್ಲಿ ದತ್ತಾಂಶ ವಿಜ್ಞಾನದ ಆನ್‌ಲೈನ್ ಕೋರ್ಸ್ ಪ್ರಾರಂಭಿಸಿದಾಗ ವಾರವಾರದ ಅಸೈನ್‌ಮೆಂಟ್, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ ಇವನ್ನು ಇಟ್ಟುಕೊಂಡಿತು. ಅಲ್ಲಿ ವಿದ್ಯಾರ್ಥಿಗಳನ್ನು ಹೌಸ್‌ಗಳಾಗಿ ಹಂಚಿ, ಅವಕ್ಕೆ ಬಂಡೀಪುರ, ಕಾಜಿರಂಗ, ಸುಂದರಬನ, ವಯನಾಡ್ ಎಂಬಂತೆ ಕಾಡುಗಳ ಹೆಸರಿಟ್ಟಿದ್ದಾರೆ. ದೊಡ್ಡ ಸಂಖ್ಯೆಯೊಳಗೆ ಸಣ್ಣ ಗುಂಪು ಕಟ್ಟುವ ಪ್ರಯತ್ನ ಅದು, ಅನುಕರಿಸಲು ಯೋಗ್ಯವಾದದ್ದು.

ಕರ್ನಾಟಕಕ್ಕೆ ಇದು ತೀರಾ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ 1969ರಲ್ಲೇ ಶುರುವಾಗಿತ್ತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನೌಕರಿ ಮಾಡುತ್ತ, ಮಕ್ಕಳನ್ನು ಸಾಕುತ್ತ ಪದವಿ ಪಡೆದ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಅವರನ್ನು ಕೇಳಿ ನೋಡಿ, ಸಿದ್ಧಪಾಠದ ಪುಸ್ತಕಗಳಿಗಿಂತ ಸಂಪರ್ಕ ತರಗತಿಗೆ ಬಂದ ಮೇಷ್ಟ್ರ ಬಗ್ಗೆಯೇ ಹೆಚ್ಚು ಹೇಳುತ್ತಾರೆ.

ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈ ಸುಮಾರಿಗೆ, ಆನ್‌ಲೈನ್ ಪದವಿಗಳ ಪ್ರವೇಶದ ಜಾಹೀರಾತು ಬರುತ್ತದೆ. ನಿಮ್ಮ ಮಗನನ್ನೋ ಮಗಳನ್ನೋ ಸೇರಿಸುವ ಮೊದಲು, ಅಥವಾ ನೀವೇ ಸೇರುವ ಮೊದಲು, ಯುಜಿಸಿ ಮಾನ್ಯತೆ ಮತ್ತು ಶುಲ್ಕ ವಿಚಾರಿಸಿದ ಹಾಗೆಯೇ ಇನ್ನೂ ಮೂರು ವಿಷಯ ಕೇಳಿ. ಒಬ್ಬ ಅಧ್ಯಾಪಕರಿಗೆ ಎಷ್ಟು ವಿದ್ಯಾರ್ಥಿಗಳು? ನಾನು ಬರೆದದ್ದನ್ನು ಯಾರು ಓದುತ್ತಾರೆ? ಎಷ್ಟು ದಿನದಲ್ಲಿ ನನಗೆ ಉತ್ತರ ಬರುತ್ತದೆ? ಮೂರಕ್ಕೂ ಸ್ಪಷ್ಟ ಉತ್ತರ ಕೊಡದ ಕಡೆ ಹಣ ಕಟ್ಟಬೇಡಿ.